ಉತ್ತರ ಬರದ ಪ್ರಶ್ನೆಗಳು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಆಕೆಯನ್ನು ವಿದ್ಯಾರ್ಥಿಗಳೆಲ್ಲ ಲೈಬ್ರರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಅಲ್ಲೇ ರಸಾಯನಶಾಸ್ತ್ರದ ಮೇಷ್ಟ್ರು. ಆನ್‌ಲೈನ್ ಪಾಠ ಶುರುವಾದಾಗ ಹುಡುಗರು ಮೂಗು ಮುರಿದಿದ್ದರು. ನೆಟ್‌ವರ್ಕ್ ಕೈಕೊಡುತ್ತದೆ, ಡೇಟಾ ಖಾಲಿಯಾಗುತ್ತದೆ, ಫೋನ್ ನೋಡಿ ಕೆಮಿಸ್ಟ್ರಿ ಕಲಿಯುವುದುಂಟೇ ಎಂದು ಗೊಣಗಿದ್ದರು. ಮೇಷ್ಟ್ರು ಹಟ ಬಿಡಲಿಲ್ಲ. ಮನೆಯ ಹಾಲ್‌ನಲ್ಲೇ ಬೋರ್ಡು ತೂಗುಹಾಕಿ ಇಡೀ ವರ್ಷದ ಪಾಠ ರೆಕಾರ್ಡ್ ಮಾಡಿದರು. ಫೋನ್ ಹಿಡಿದು ನಿಲ್ಲುವ ಕೆಲಸ ಆಕೆಯದು. ಕೈ ನೋಯುತ್ತದೆಂದರೆ, ಇನ್ನೊಂದೇ ಸಮೀಕರಣ ಎಂದು ಪುಸಲಾಯಿಸುತ್ತಿದ್ದರು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಅಲ್ಲೇ ಕುಸಿದು ಹೋಗಿಬಿಟ್ಟರು.

ರಜೆ ಮುಗಿಸಿ ಆಕೆ ಮರಳುವ ಹೊತ್ತಿಗೆ ಹುಡುಗರಿಗೆ ಆ ಪಾಠಗಳ ರುಚಿ ಹತ್ತಿತ್ತು. ಅಂಗಡಿಯಲ್ಲಿ ದುಡಿಯುತ್ತ ಓದುವವರು ಬಿಡುವು ಸಿಕ್ಕಾಗ ಕೇಳುತ್ತಿದ್ದರು; ತಲೆಗೆ ಹತ್ತದ್ದನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತಿದ್ದರು. ಗ್ರಂಥಾಲಯದ ಕಂಪ್ಯೂಟರ್‌ಗಳಲ್ಲಿ ದಿನವಿಡೀ ಗಂಡನ ದನಿ. ವೇಗ ಹೆಚ್ಚಿಸಿ ಕೇಳುವವರ ಪರದೆಯಲ್ಲಿ ಮೇಷ್ಟ್ರು ಬಸ್ಸು ಹಿಡಿಯಲು ಹೊರಟವರಂತೆ ಮಾತಾಡುತ್ತಿದ್ದರು. ಆಕೆಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಪುಸ್ತಕಗಳಿಗೆ ಮೊಹರು ಒತ್ತುತ್ತ ಕೂತಿರುತ್ತಿದ್ದಳು.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಪಾಠ ಓಡುತ್ತಿದ್ದ ಫೋನ್ ಹಿಡಿದು ಬಂದಳು.

"ಅಕ್ಕಾ, ಪಾಠದ ಕೆಳಗೆ ಎಷ್ಟು ಸಲ ಡೌಟ್ ಬರೆದ್ರೂ ಈ ಸರ್ ಉತ್ತರಾನೇ ಕೊಡಲ್ಲ. ಅಷ್ಟೊಂದು ಜಂಬಾನಾ ಅವ್ರಿಗೆ?"

"ಅವ್ರು ತೀರ್ಕೊಂಡಿದಾರೆ ಕಣಮ್ಮ. ನಮ್ಮ ಯಜಮಾನ್ರು."

ಹುಡುಗಿ ಪೆಚ್ಚಾಗಿ ಪಾಠ ನಿಲ್ಲಿಸಹೋದಳು. ಆಕೆ ಬೇಡವೆಂದಳು, ಪರೀಕ್ಷೆ ಹತ್ತಿರವಿತ್ತು. ಫೋನ್ ಇಸಿದುಕೊಂಡು ಪಾಠದ ಕೆಳಗಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದಳು. ಮುಗಿಯುವಂತೆಯೇ ಇರಲಿಲ್ಲ. ನಡುವೆ ಯಾರೋ, ಸರ್ ಹುಷಾರಾಗಿದ್ದೀರಾ ಎಂದೂ ಕೇಳಿದ್ದರು. ಅದನ್ನು ಓದಿದಾಗಲೂ ಬೇರೆ ಯಾರದೋ ಮನೆಯ ಸುದ್ದಿ ಓದಿದಂತಾಯಿತು.

ಸಂಜೆ ವಿಭಾಗಕ್ಕೆ ಹೋಗಿ ಗಂಡನ ಜಾಗಕ್ಕೆ ಬಂದಿದ್ದ ಕಿರಿಯ ಮೇಷ್ಟ್ರಿಗೆ ವಿಷಯ ತಿಳಿಸಿದಳು. ತಾನೇ ಉತ್ತರ ಬರೆಯುತ್ತೇನೆ ಎಂದ ಅವರು, ಪಾಠಗಳನ್ನೂ ತೆಗೆಸಿ ಹೊಸದಾಗಿ ಮಾಡಿಬಿಡಲೇ ಎಂದು ಅಳುಕುತ್ತ ಕೇಳಿದರು.

"ಬೇಡಿ ಸರ್. ಮಕ್ಕಳಿಗೆ ಅದೇ ಒಗ್ಗಿಹೋಗಿದೆ."

ನಿಮಗೂ ಒಗ್ಗಿದೆಯೇ ಎಂದು ಅವರು ಕೇಳಲಿಲ್ಲ. ಆಕೆ ಗ್ರಂಥಾಲಯಕ್ಕೆ ಮರಳಿ ಮತ್ತೆ ಮೊಹರು ಕೈಗೆತ್ತಿಕೊಂಡಳು.

ಪ್ರಶ್ನೆಗಳಿಗೆ ಉತ್ತರ ಬರತೊಡಗಿತು. ಹುಡುಗಿ ಪಾಸಾಗಿ ಸಿಹಿ ತಂದುಕೊಟ್ಟಳು. ಆಕೆ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಸಿಹಿಯಾಗಿದೆ ಎಂದು ನಾಲಿಗೆಗೆ ಗೊತ್ತಾಯಿತು, ಅಷ್ಟೆ.