ಬೂದು ಬಣ್ಣದ ಚುಕ್ಕೆ

ಆ ಫೋನನ್ನು ಸ್ವಿಚ್ ಆಫ್ ಮಾಡಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟವಳು ನಾನೇ. ಆದರೂ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ, ಮೇಜಿನ ಮೇಲಿದ್ದ ಇನ್ನೊಂದು ಫೋನು ಟಿಣ್ ಎಂದಿತು: ನಿಮ್ಮ ಮಗು ಶಾಲೆ ತಲುಪಿದೆ. ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ. ಹಿಂದೆಯೇ ಇನ್ನೊಂದು, ಮತ್ತೊಂದು. ಬಸ್ಸಿನ ಮಕ್ಕಳೆಲ್ಲ ತಲುಪಿಬಿಟ್ಟರು.

ಗುರುಗ್ರಾಮದ ಆ ಸಣ್ಣ ಆಫೀಸಿನಲ್ಲಿ ಶಾಲಾ ಬಸ್ಸುಗಳಿಗಾಗಿ ಆ್ಯಪ್ ತಯಾರಾಗುತ್ತಿತ್ತು. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದೀದಿಯ ಕೈಯಲ್ಲಿ ಒಂದು ಫೋನು. ಶಾಲೆಯ ಗೇಟಿನಲ್ಲಿ ಮಗು ಇಳಿದಾಗ ಅವಳು ಅದರ ಹೆಸರು ಒತ್ತಬೇಕು. ಸುದ್ದಿ ಕ್ಲೌಡಿಗೆ ಹೋಗುತ್ತದೆ, ಅಂದರೆ ನಾವು ಬಾಡಿಗೆಗೆ ಹಿಡಿದ, ನಮ್ಮಲ್ಲಿ ಯಾರೂ ಕಣ್ಣಾರೆ ಕಾಣದ, ಮುಂಬೈಯಲ್ಲೆಲ್ಲೋ ಇರುವ ಸರ್ವರಿಗೆ. ಅಲ್ಲಿಂದ ತಾಯಿಯ ಫೋನಿಗೆ ಬರುತ್ತದೆ. ನನ್ನ ಡ್ರಾಯರಿನಲ್ಲಿದ್ದದ್ದು ದೀದಿಯ ಫೋನು. ಮೇಜಿನ ಮೇಲಿದ್ದದ್ದು ತಾಯಿಯ ಫೋನು.

ನಾನು ಇಂಜಿನಿಯರ್ ಅಲ್ಲ. ಬೋರ್ಡಿಂಗ್ ಶಾಲೆಯೊಂದರಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು. ದೆಹಲಿಯ ವಸಂತ್ ಕುಂಜ್‌ನ ಮಾರುಕಟ್ಟೆಯಲ್ಲಿ ಬೆಂಡೆಕಾಯಿ ಮುರಿದು ನೋಡುತ್ತ ಕನ್ನಡದಲ್ಲಿ ಗೊಣಗಿಕೊಂಡದ್ದು ಹಿಂದೆ ನಿಂತಿದ್ದ ಹುಡುಗಿಯೊಬ್ಬಳ ಕಿವಿಗೆ ಬಿದ್ದು, ಅವಳು "ನೀವು ಕನ್ನಡದವರಾ ಆಂಟಿ?" ಎಂದಳು. ಅವಳಿಗೆ ಮುನಿರ್ಕಾದಲ್ಲಿ ಬಾಡಿಗೆ ಕೋಣೆ, ಈ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಶಾಲೆಯ ಅನುಭವವಿರುವ ಒಬ್ಬರು ಆ್ಯಪನ್ನು ಪರೀಕ್ಷಿಸಿ ಸಹಿ ಹಾಕಿದರೆ ಮಾತ್ರ ಕೊಳ್ಳುತ್ತೇವೆ ಎಂದು ಒಂದು ಶಾಲೆ ಹಟ ಹಿಡಿದಿತ್ತಂತೆ. ಹೀಗೆ ನಾನು ಅಲ್ಲಿಗೆ ಹೋದೆ. ದಿನವೂ ಒಂದೇ ಹೊತ್ತಿಗೆ ಹೋಗಿ, ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಪರೀಕ್ಷೆಗೆಂದು ಪಟ್ಟಿಯಲ್ಲಿ ಹಾಕಿದ್ದ ಸುಳ್ಳು ಮಕ್ಕಳಿಗೆ ಆ ಹುಡುಗಿ ತರಕಾರಿ ಹೆಸರಿಟ್ಟಿದ್ದಳು.

"ಇಲ್ಲಿ ಬಾಮ್ಮ," ಎಂದು ಅವಳನ್ನು ಕರೆದೆ. "ಆಲೂ ಬಸ್ಸಿಂದ ಇಳಿದನಾ?"

"ಇಳಿದ ಆಂಟಿ. ಹಸಿರು ಬಂದಿದೆಯಲ್ಲಾ."

"ಗೋಭಿ?"

"ಅವನೂ ಇಳಿದ."

"ಯಾರು ಒತ್ತಿದರು?"

"ದೀದಿ."

ಡ್ರಾಯರ್ ಎಳೆದು ತೋರಿಸಿದೆ. ಅವಳು ಸತ್ತ ಫೋನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

"ಓ, ಅದಾ? ಅದು ಸರ್ವರ್ ಮಾಡೋದು ಆಂಟಿ. ದೀದಿ ಒತ್ತೋದು ಮರೀತಾಳೆ, ಇಲ್ಲಾ ಅಲ್ಲಿ ನೆಟ್‌ವರ್ಕ್ ಇರಲ್ಲ. ಅಮ್ಮಂದಿರು ಫೋನ್ ಮೇಲೆ ಫೋನ್ ಮಾಡ್ತಾರೆ. ಅದಕ್ಕೇ ಗಂಟೆ ಹೊಡೆಯೋ ಹೊತ್ತಿಗೆ ಯಾರ ಸುದ್ದಿ ಬಂದಿಲ್ವೋ ಅವರನ್ನೆಲ್ಲ ಸರ್ವರೇ ಹಸಿರು ಮಾಡಿಬಿಡುತ್ತೆ. ಸರ್ ಹೇಳಿದ್ದು. ಮಗು ಹೇಗೂ ತಲುಪೇ ಇರುತ್ತಲ್ಲಾ."

"ತಲುಪದೆ ಇದ್ದಾಗ?"

ಅವಳು ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದಳು. "ಆಗಲೂ ಹಸಿರೇ."

ಹಾಸ್ಟೆಲಿನಲ್ಲಿ ನನಗಿಂತ ಮೊದಲಿದ್ದ ವಾರ್ಡನ್ ನನಗೆ ಕಲಿಸಿದ ಮೊದಲ ಪಾಠ, ಮುಖ ಕಾಣದೆ ಹಾಜರಿ ಇಲ್ಲ ಎಂಬುದು. "ಹಾಜರ್" ಎಂಬ ದನಿ ಸಾಲದು, ಗೆಳತಿಯ ಪರವಾಗಿ ದನಿ ಬದಲಿಸಿ ಕೂಗುವುದರಲ್ಲಿ ಹುಡುಗಿಯರು ನಿಪುಣರು. ಸಂಜೆಯ ಹಾಜರಿಯಲ್ಲಿ ಒಬ್ಬಳು ಕಾಣದಿದ್ದರೆ ಊಟದ ಗಂಟೆ ಹೊಡೆಯುತ್ತಿರಲಿಲ್ಲ. ಸಾರು ತಣ್ಣಗಾಗುತ್ತಿತ್ತು, ಇಡೀ ಹಾಸ್ಟೆಲ್ ನನ್ನನ್ನು ಶಪಿಸುತ್ತಿತ್ತು. ಶಪಿಸಲಿ ಎಂದು ಬಾಗಿಲಲ್ಲೇ ನಿಂತಿರುತ್ತಿದ್ದೆ. ಕೊನೆಗೆ ಕಳೆದುಹೋದವಳು ಸ್ನಾನದ ಮನೆಯಿಂದಲೋ ತಾರಸಿಯಿಂದಲೋ ಕಣ್ಣುಜ್ಜಿಕೊಳ್ಳುತ್ತ ಬರುತ್ತಿದ್ದಳು. ಬೈಸಿಕೊಳ್ಳುತ್ತಿದ್ದಳು. ಆಮೇಲೆ ಗಂಟೆ.

ಅವಳು ಸರ್ ಎಂದ ಕಂಪನಿಯ ಮಾಲೀಕರ ಕೋಣೆಗೆ ಹೋಗಿ, ಇದಕ್ಕೆ ಸಹಿ ಹಾಕುವುದಿಲ್ಲ ಎಂದೆ. ಅವರು ನನ್ನ ಮಗನ ವಯಸ್ಸಿನವರು. ನಯವಾದ ಹಿಂದಿಯಲ್ಲಿ ಮಾತಾಡುತ್ತಿದ್ದರು.

"ಅರೇ ಮೇಡಂ-ಜೀ, ಜನ ದುಡ್ಡು ಕೊಡೋದು ಸಮಾಧಾನಕ್ಕೆ. ಆ ಹಸಿರು ನೋಡಿದ ಮೇಲೇ ತಾಯಿ ಕೂತು ಚಹಾ ಕುಡಿಯೋದು."

"ಮಗು ಎಲ್ಲಿದೆಯೋ ಗೊತ್ತಿಲ್ಲದೆ ಅವಳಿಗೆ ಚಹಾ ಕುಡಿಸುತ್ತೀರಾ?"

"ಮತ್ತೇನು ತೋರಿಸಲಿ?"

"ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ತೋರಿಸಿ."

ಅವರು ನಕ್ಕುಬಿಟ್ಟರು. "'ಗೊತ್ತಿಲ್ಲ' ಅನ್ನೋ ಆ್ಯಪನ್ನ ಯಾರು ಕೊಳ್ತಾರೆ, ಮೇಡಂ-ಜೀ? ಚಲೋ, ಶುಕ್ರವಾರ ಆ ಶಾಲೆಯ ಪ್ರಿನ್ಸಿಪಾಲರೇ ಬರ್ತಾರೆ. ಅವರು ಮೆಚ್ಚಿದ ಮೇಲೆ ನೀವು ಸಹಿ ಹಾಕಿ. ಅದೊಂದು ಫಾರ್ಮಾಲಿಟಿ, ಅಷ್ಟೇ."

ನನ್ನ ಸಹಿ ಫಾರ್ಮಾಲಿಟಿಯಲ್ಲ ಎಂದು ಹೇಳಿ ಹೊರಗೆ ಬಂದೆ. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹುಡುಗಿ ನನ್ನ ಜೊತೆಯಲ್ಲೇ ನಡೆದಳು. "ಆಂಟಿ, ನಿಮಗೇನು, ಪೆನ್ಶನ್ ಇದೆ. ನನಗೆ ಮುನಿರ್ಕಾದ ಬಾಡಿಗೆ ಇದೆ. ನನ್ನನ್ನ ಇದರಲ್ಲಿ ಎಳೀಬೇಡಿ."

"ಎಳೆಯುವುದಿಲ್ಲ," ಎಂದೆ. ಎಳೆಯಲೂ ಇಲ್ಲ. ಮುಂದೆ ನಡೆದದ್ದನ್ನೆಲ್ಲ ಮಾಲೀಕರು ತಮ್ಮ ಕೈಯಾರೆ ಮಾಡಿಕೊಂಡರು.

ತರಕಾರಿ ಹೆಸರುಗಳು ಪ್ರಿನ್ಸಿಪಾಲರ ಮುಂದೆ ಚೆನ್ನಾಗಿ ಕಾಣುವುದಿಲ್ಲ, ಆಫೀಸಿನವರ ಹೆಸರುಗಳನ್ನೇ ಮಕ್ಕಳ ಜಾಗದಲ್ಲಿ ಹಾಕೋಣ ಎಂದವರು ಅವರೇ. ನಾವೆಲ್ಲ ವಿದ್ಯಾರ್ಥಿಗಳು, ಆಫೀಸೇ ಶಾಲೆ, ಹತ್ತು ಗಂಟೆಗೆ ಗಂಟೆ. ಬಾಗಿಲಲ್ಲಿ ದೀದಿಯಾಗಿ ನಿಂತು ಬಂದವರ ಹೆಸರು ಒತ್ತುವುದು ಆ ಹುಡುಗಿಯ ಕೆಲಸ. ಪಟ್ಟಿಯಲ್ಲಿ ಮೊದಲ ಹೆಸರು ಮಾಲೀಕರದು.

ಶುಕ್ರವಾರ ದೆಹಲಿ ಮಂಜಿನಲ್ಲಿ ಮುಳುಗಿತ್ತು. ಪ್ರಿನ್ಸಿಪಾಲರು ಹೊತ್ತಿಗೆ ಮೊದಲೇ ಬಂದು ಶಾಲು ಬಿಚ್ಚದೆ ಕುಳಿತರು. ಗಟ್ಟಿ ದನಿಯ ಹೆಂಗಸು. ಗಂಟೆಗೆ ಹೊಂದಿಕೊಂಡು ಬಾಳಿದವರು ಒಬ್ಬರನ್ನೊಬ್ಬರು ಬೇಗ ಗುರುತು ಹಿಡಿಯುತ್ತಾರೆ, ನಾವಿಬ್ಬರೂ ಒಟ್ಟಿಗೇ ಗೋಡೆ ಗಡಿಯಾರ ನೋಡಿದೆವು. ಮಾಲೀಕರು ಮಾತ್ರ ಬಂದಿರಲಿಲ್ಲ. ನೋಯ್ಡಾದಿಂದ ಬರಬೇಕಿತ್ತು.

ಹತ್ತು ಗಂಟೆಯಾಯಿತು. ಗೋಡೆಯ ಪರದೆಯ ಮೇಲೆ ಪಟ್ಟಿ ಇತ್ತು. ಎಲ್ಲಕ್ಕಿಂತ ಮೇಲಿದ್ದ ಮಾಲೀಕರ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಮೂಡಿತು.

"ಅಚ್ಛಾ, ಬಂದರಲ್ಲ," ಎಂದು ಪ್ರಿನ್ಸಿಪಾಲರು ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಆ ಹುಡುಗಿ ಒಬ್ಬಳೇ ನಿಂತಿದ್ದಳು, ಬಣ್ಣಗೆಟ್ಟ ಮುಖ ಹೊತ್ತು.

ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಮೇಡಂ-ಜೀ, ಶುರು ಮಾಡಿಬಿಡಿ. ಏನೂ ಕಾಣಿಸ್ತಿಲ್ಲ ಇಲ್ಲಿ. ಫ್ಲೈಓವರ್ ಮೇಲೇ ನಿಂತಿದ್ದೀನಿ."

"ಇಲ್ಲ ಸರ್, ನೀವು ಬಂದಿದ್ದೀರಿ."

"ಏನು?"

"ಹಸಿರು ಚುಕ್ಕೆ ಇದೆ. ನೀವು ಕ್ಷೇಮವಾಗಿ ತಲುಪಿದ್ದೀರಿ. ಮನೆಯಲ್ಲಿ ನಿಮ್ಮ ತಾಯಿ ಚಹಾ ಕುಡಿಯಲು ಕೂತಿರುತ್ತಾರೆ."

ಆ ಕಡೆ ಹಾರ್ನ್‌ಗಳ ಸದ್ದು ಏರಿತು. ಪ್ರಿನ್ಸಿಪಾಲರು ನಗಲಿಲ್ಲ. ಹುಡುಗಿಯ ಕಡೆ ನೋಡಿ, "ಬಸ್ಸಿನಿಂದ ಸುದ್ದಿ ಬರದೆ ಹೋದರೆ ಇದು ಏನು ತೋರಿಸುತ್ತದೆ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ನಾನು ಗಡಿಯಾರ ನೋಡಿದೆ. ಎಳೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

"ಹಸಿರೇ ತೋರಿಸುತ್ತೆ, ಮೇಡಂ," ಎಂದಳು ಅವಳು. ಆಮೇಲೆ ಒಂದೇ ಉಸಿರಿಗೆ, "ಬದಲಾಯಿಸಬಹುದು. ಬೂದು ಬಣ್ಣ ಹಾಕಬಹುದು. ಸುದ್ದಿ ಇಲ್ಲ ಅಂತ. ದೊಡ್ಡ ಕೆಲಸ ಏನಲ್ಲ."

"ಹಾಗಾದರೆ ಬದಲಾಯಿಸಿ. ಆಮೇಲೆ ಮಾತಾಡೋಣ," ಎಂದು ಪ್ರಿನ್ಸಿಪಾಲರು ಎದ್ದರು. ಮಾಲೀಕರಿಗೆ ಅವರು ಸಿಕ್ಕಿದ್ದು ಲಿಫ್ಟಿನ ಬಾಗಿಲಲ್ಲಿ, ಒಬ್ಬರು ಒಳಗೆ ಕಾಲಿಡುವಾಗ ಇನ್ನೊಬ್ಬರು ಹೊರಗೆ.

"ಗಿರಾಕಿಯ ಮುಂದೆ ನನಗೆ ಅವಮಾನ ಮಾಡಿದಿರಿ," ಎಂದು ಒಳಗೆ ಬಂದ ಮಾಲೀಕರು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ನೀವು ಇರಲೇ ಇಲ್ಲವಲ್ಲ ಸರ್. ಅವಮಾನ ಆಗಿದ್ದರೆ ಚುಕ್ಕೆಗೆ."

ಯಾರೋ ಕಿಸಕ್ಕೆಂದರು. ಮಾಲೀಕರು ಮುಖ ಉಜ್ಜಿಕೊಂಡರು. "ಸರಿ. ಬೂದು ಹಾಕಿ. ಆದರೆ ತಾಯಂದಿರ ಫೋನ್ ಬಂದರೆ ಬೈಗುಳ ತಿನ್ನೋರು ನೀವು. ನಾನಲ್ಲ, ಈ ಹುಡುಗಿಯೂ ಅಲ್ಲ."

"ಕೊಡಿ, ತಾಯಂದಿರು ಕರೆ ಮಾಡುವ ಆ ಫೋನು," ಎಂದೆ.

ಬೂದು ಚುಕ್ಕೆ ಬಂದ ಮೇಲೆ ನಾನು ನನ್ನ ಕ್ರಮದಲ್ಲೇ ಮತ್ತೊಮ್ಮೆ ಎಲ್ಲವನ್ನೂ ಪರೀಕ್ಷಿಸಿದೆ. ದೀದಿಯ ಫೋನನ್ನು ಡ್ರಾಯರಿಗೆ ಹಾಕಿದೆ. ಗಂಟೆಯ ಹೊತ್ತಾಯಿತು. ಪಟ್ಟಿಗೆ ಮರಳಿದ್ದ ಆಲೂ ಬೂದು, ಗೋಭಿ ಬೂದು. ಅಂದು ಸಹಿ ಹಾಕಿದೆ. ಶಾಲೆ ಆ್ಯಪ್ ತೆಗೆದುಕೊಂಡಿತು. ಮೊದಲೇ ಮಾತಾಡಿದ್ದ ಇನ್ನೊಂದು ಶಾಲೆ ಬೂದು ಚುಕ್ಕೆಯನ್ನು ಕಂಡು ಬೇಡವೆಂದಿತು. ಅದನ್ನು ಮಾಲೀಕರು ನನಗೆ ಎರಡು ಸಲ ಹೇಳಿದರು. ನಾನು ಎರಡು ಸಲವೂ ಕೇಳಿಸಿಕೊಂಡೆ.

ಮಂಜು ಕವಿದ ಇನ್ನೊಂದು ಬೆಳಿಗ್ಗೆ ಶಾಲೆಯ ಗಂಟೆ ಹೊಡೆದು ಹೋಗಿತ್ತು. ಒಂದು ಬಸ್ಸಿನ ಚುಕ್ಕೆಗಳೆಲ್ಲ ಬೂದಾಗಿಯೇ ಇದ್ದವು. ಫೋನು ಬಂತು.

"ಏನ್ರೀ ಇದು ಬೂದು? ಕೆಟ್ಟುಹೋಗಿದೆಯಾ ನಿಮ್ಮ ಆ್ಯಪು?" ಒಬ್ಬ ತಾಯಿ. ಹಿಂದಿಯಲ್ಲಿ ಕಿರುಚುತ್ತಿದ್ದಳು.

"ಕೆಟ್ಟಿಲ್ಲ ಮಗಳೇ. ನಿನ್ನ ಮಗು ಇಳಿದ ಸುದ್ದಿ ನಮಗೆ ಇನ್ನೂ ಬಂದಿಲ್ಲ."

"ಬಂದಿಲ್ಲ ಅಂದ್ರೆ? ಅದಕ್ಕೇ ಅಲ್ವಾ ಹಾಕಿಸ್ಕೊಂಡಿದ್ದು?"

"ಅದಕ್ಕೇ. ಲೈನಿನಲ್ಲೇ ಇರು. ಶಾಲೆಯ ಗೇಟಿನವರನ್ನು ಇನ್ನೊಂದು ಫೋನಿನಿಂದ ಕೇಳುತ್ತಿದ್ದೇನೆ."

ಬಸ್ಸು ಇನ್ನೂ ಬಂದಿಲ್ಲ ಎಂದ ಗೇಟಿನ ಭಯ್ಯಾ. ಅದನ್ನೇ ಅವಳಿಗೆ ಹೇಳಿದೆ. ದೀದಿಯ ಫೋನು ಸಿಗುತ್ತಿಲ್ಲ ಎಂದೂ ಹೇಳಿದೆ. ಏನನ್ನೂ ಸಿಹಿ ಮಾಡಲಿಲ್ಲ. ಮಾಲೀಕರು ಬಂದು ನನ್ನ ಮೇಜಿನ ಪಕ್ಕ ನಿಂತಿದ್ದರು. ಹಳೆಯ ನಿಯಮವಿದ್ದಿದ್ದರೆ ಈ ಹೊತ್ತಿಗೆ ಪರದೆಯ ಮೇಲೆ ಆ ಬಸ್ಸಿನ ಮಕ್ಕಳೆಲ್ಲ ಶಾಲೆಯಲ್ಲಿರುತ್ತಿದ್ದರು, ಬಸ್ಸು ರಸ್ತೆಯಲ್ಲಿರುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ಕಡೆ ತಾಯಿ ಬೈಯುವುದನ್ನು ನಿಲ್ಲಿಸಿದ್ದಳು. ಅವಳ ಮನೆಯ ಕುಕ್ಕರ್ ಕೂಗಿತು, ಅವಳು ಏಳಲಿಲ್ಲ. ಮತ್ತೆ ಕೂಗಿತು.

ಆಗ ಗೇಟಿನ ಭಯ್ಯಾ, "ಬಂತು, ಬಂತು," ಎಂದ. ಚುಕ್ಕೆಗಳು ಒಂದೊಂದಾಗಿ, ಮಕ್ಕಳು ಮೆಟ್ಟಿಲಿಳಿಯುವ ವೇಗದಲ್ಲಿ, ಹಸಿರಾಗತೊಡಗಿದವು. ಅವಳ ಮಗಳದು ಕೊನೆಗೆ ಬಂತು.

"ಇಳಿದಳು. ದೀದಿ ನೋಡಿ ಒತ್ತಿದ್ದಾಳೆ."

ತಾಯಿ ಉಸಿರು ಬಿಟ್ಟದ್ದು ಕೇಳಿಸಿತು. "ಇಷ್ಟು ಹೊತ್ತು ಬೇಕಾ ನಿಮಗೆ?" ಎಂದು ಫೋನು ಇಟ್ಟಳು.

"ನೋಡಿದಿರಾ, ಬೈದೇ ಇಟ್ಟಳು," ಎಂದರು ಮಾಲೀಕರು. ದನಿಯಲ್ಲಿ ಮೊದಲಿನ ನಗೆ ಇರಲಿಲ್ಲ.

"ಬೈಯಲಿ ಬಿಡಿ," ಎಂದೆ. ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಬಸ್ಸು ಇನ್ನೂ ಬೂದಾಗಿತ್ತು. ಮಾಲೀಕರು ಕೈ ಚಾಚುವ ಮೊದಲೇ ಎತ್ತಿ, "ಇನ್ನೂ ಗೊತ್ತಿಲ್ಲ, ಲೈನಿನಲ್ಲೇ ಇರಿ," ಎಂದೆ.