ಗಾಜಿನ ಜಾಡಿಯಲ್ಲಿ ನನ್ನ ತಂಗಿ

ಕಳೆದ ತಿಂಗಳು ನನ್ನ ತಂಗಿಯನ್ನು ಒಂದು ಗಾಜಿನ ಜಾಡಿಯಲ್ಲಿ ಕಂಡೆ.

ನಿನಗೆ ತಂಗಿಯೇ ಇಲ್ಲವಲ್ಲ ಎನ್ನುತ್ತೀರಿ. ಸರಿ. ಮೂವರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ಒಬ್ಬಳೇ ಹುಡುಗಿ ನಾನು ಎಂಬುದನ್ನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. (ನಿಮಗೆ ಸಾಕಾಗಿರಬಹುದು. ನನಗೂ.) ಆದರೆ ಒಂದು ರಿಜಿಸ್ಟರಿನ ಪ್ರಕಾರ ನನಗೊಬ್ಬ ತಂಗಿ ಇದ್ದಾಳೆ. ಅವಳಿಗೆ ಆರು ವರ್ಷ. ನಲವತ್ತು ವರ್ಷಗಳಿಂದ ಅವಳಿಗೆ ಆರೇ ವರ್ಷ.

ನನ್ನ ದೊಡ್ಡಣ್ಣನ ಮೊಮ್ಮಗಳು ಸುಮತಿ ಡಾಕ್ಟರಿಕೆ ಓದುತ್ತಿದ್ದಾಳೆ. ದೊಡ್ಡ ಊರು, ದೊಡ್ಡ ಮೆಡಿಕಲ್ ಸ್ಕೂಲು. ಹೆಸರು ಬೇಡ. ತನ್ನ ಸ್ಕೂಲಿನ ಮ್ಯೂಸಿಯಂ ತೋರಿಸುತ್ತೇನೆಂದು ನನ್ನನ್ನು ಕರೆದುಕೊಂಡು ಹೋದಳು. ಸಂಜೆಯಾದ ಮೇಲೆ ಹುಳು ಬಿದ್ದೀತೆಂದು ದೀಪ ಹಚ್ಚಲೂ ಅಂಜುತ್ತಿದ್ದ ಜೈನರ ಮನೆ ನಮ್ಮದು. ಅಂಥ ಮನೆಯ ಹುಡುಗಿ ಚಾಕು ಹಿಡಿದು ಹೆಣ ಕೊಯ್ಯುತ್ತಾಳೆ! ನನಗೆ ಹೆಮ್ಮೆಯೇ ಆಗಿತ್ತು, ಖರೆ ಹೇಳಬೇಕೆಂದರೆ.

"ಆಯಿ, ನಮ್ಮ ಊರ ಕಡಿದೂ ಒಂದ್ ಐತಿ, ನೋಡ್ ಬಾ," ಎಂದಳು ಸುಮತಿ, ಒಂದು ಕಪಾಟಿನ ಮುಂದೆ ನಿಂತು. "ಪರೀಕ್ಷಾದಾಗ ಇದನ್ನ ಕೇಳೇ ಕೇಳ್ತಾರ. ಹುಡುಗೋರೆಲ್ಲ ಇದಕ್ಕ ಗೋಕಾಕ ಕರದಂಟು ಅಂತಾರ."

ಜಾಡಿಯಲ್ಲಿ, ನಮ್ಮೂರ ಆ ಸಿಹಿಯ ಹಾಗೇ, ಕಂದು ಬಣ್ಣದ ಒಂದು ಮುದ್ದೆ. ಚಸ್ಮಾ ಏರಿಸಿ ಲೇಬಲ್ ಓದಿದೆ. ಸ್ಪ್ಲೀನ್, ಅಂದರೆ ಗುಲ್ಮ. ಪ್ಲೇಗ್. ಹೆಣ್ಣುಮಗು, ಆರು ವರ್ಷ. ಗೋಕಾಕ ಕ್ಯಾಂಪ್. ಅದರ ಕೆಳಗೆ, ಚಂದದ ಅಕ್ಷರದಲ್ಲಿ, "ಪ್ರೆಸೆಂಟೆಡ್ ಬೈ" ಎಂದು ಒಬ್ಬ ಬಿಳಿಯ ಡಾಕ್ಟರರ ಹೆಸರು. ಅಂದರೆ ಉಡುಗೊರೆ! ಮದುವೆಯಲ್ಲಿ ಬೆಳ್ಳಿ ಬಟ್ಟಲು ಕೊಡುತ್ತಾರಲ್ಲ, ಹಾಗೆ.

ಆ ಹೆಸರು ನನಗೆ ಗೊತ್ತಿತ್ತು. ಆ ಮಗುವೂ ಗೊತ್ತಿತ್ತು. ಈ ಮ್ಯೂಸಿಯಂ ನೋಡಿಕೊಳ್ಳುವವರನ್ನು ಕರೆದುಕೊಂಡು ಬಾ ಎಂದು ಸುಮತಿಯನ್ನು ಕಳಿಸಿದೆ.

ಮೊದಲ ಪ್ಲೇಗಿನ ಆ ವರ್ಷಗಳು ಹಿರಿಯ ಓದುಗರಿಗೆ ನೆನಪಿರಬೇಕು. ಇಲಿ ಬಿದ್ದ ಸುದ್ದಿ ಬಂತೆಂದರೆ ಊರಿಗೆ ಊರೇ ಹೊರಗೆ. ನಾವೂ ಗೋಕಾಕದ ಮನೆಗೆ ಬೀಗ ಹಾಕಿ, ಅಂಕಲಗಿ ಹಾದಿಯ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಸುತ್ತಲೂ ನೂರಾರು ಗುಡಿಸಲು, ಅದೇ ಕ್ಯಾಂಪು. ಬೆಳಗಾವಿಯ ನನ್ನ ಕಾನ್ವೆಂಟಿಗೂ ರಜೆ. ನನಗೆ ಹದಿನಾರು. ಇಡೀ ಕ್ಯಾಂಪಿನಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಎಂಥ ಜಂಬ!

ನಮ್ಮಲ್ಲಿ ಬೀಸುವ ಕೆಲಸಕ್ಕೆ ಬರುತ್ತಿದ್ದ ಗಂಗವ್ವನ ಗುಡಿಸಲು ನಮ್ಮ ಪಕ್ಕದಲ್ಲೇ ಇತ್ತು. ಅವಳ ಮಗಳು ಬಾಳವ್ವ. ಬೀಸುವ ಕಲ್ಲಿಗೆ ಹಿಡಿಹಿಡಿಯಾಗಿ ಜೋಳ ಹಾಕುತ್ತ ನನ್ನಿಂದ ಇಂಗ್ಲಿಷ್ ಕಲಿಯುತ್ತಿದ್ದಳು. "ಗುಡ್ ಮಾರ್ನಿಂಗ್" ಕಲಿತ ದಿನ ನಮ್ಮ ಎಮ್ಮೆಗೂ ಹೇಳಿ ಬಂದಿದ್ದಳು. ಮೂರು ದಿನ ಜ್ವರ, ತೊಡೆಯ ಸಂದಿಯಲ್ಲಿ ಗಡ್ಡೆ. ನಾಲ್ಕನೆಯ ದಿನ ಬೆಳಿಗ್ಗೆ ಹೋದಳು.

ಡಾಕ್ಟರ ಸಾಹೇಬರು ಕುದುರೆ ಮೇಲೆ ಬಂದರು. ಕೈಯಲ್ಲಿ ಒಂದು ಫಾರಂ. ದೇಹವನ್ನು ಪರೀಕ್ಷೆ ಮಾಡಿ, ಹೂಳಲು ಹಿಂದಕ್ಕೆ ಕೊಡಲಾಗುವುದು ಎಂದು ಅದರಲ್ಲಿ ಅಚ್ಚಾಗಿತ್ತು. ನಾನು ಓದಿ ಹೇಳಿದೆ.

"ಕೊಯ್ತಾರೇನ್ರಿ ಅಕ್ಕಾರ?" ಎಂದಳು ಗಂಗವ್ವ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ನಾನು ಅವಳಿಗೆ ಅಕ್ಕಾರು. "ಏನರ ತಗೋತಾರೇನು?"

ಸಾಹೇಬರನ್ನು ಕೇಳಿದೆ. ಏನೂ ಇಲ್ಲ, ಸಣ್ಣ ಪರೀಕ್ಷೆ, ಸಂಜೆಯೊಳಗೆ ಕೊಡುತ್ತೇವೆ ಎಂದರು.

"ಏನೂ ತಗೊಳ್ಳೂದಿಲ್ಲಂತ ಗಂಗವ್ವಾ. ಇದ್ದಾಂಗ ಕೊಡ್ತಾರಂತ."

ಗಂಗವ್ವ ಸಾಹೇಬರ ಮಾತು ನಂಬಿದಳೇ? ಇಲ್ಲ. ನನ್ನ ಮಾತು ನಂಬಿದಳು.

ಫಾರಂ ತುಂಬಬೇಕಲ್ಲ. ಮಗುವಿನ ತಂದೆಯ ಹೆಸರೇನು? ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಗೆ ತರುವುದುಂಟೇ? ಮದುವೆ, ಮುಂಜಿಗಳಲ್ಲಿ ಒತ್ತಾಯ ಮಾಡಿದರೆ ಒಡಪು ಕಟ್ಟಿ, ನಾಚಿಕೊಂಡು, ಅದರೊಳಗೆ ಹೆಸರು ಮುಚ್ಚಿ ಹೇಳುತ್ತಾರೆ. ಮಗಳ ಹೆಣದ ಮುಂದೆ ಒಡಪು ಹೇಳಬೇಕೇ? ಅವಳ ಗಂಡ ಹುಕ್ಕೇರಿಯ ಕಡೆ ಗಾಡಿ ಹೊಡೆಯಲು ಹೋದವನು ಪ್ಲೇಗಿನ ಕಾವಲು ದಾಟಿ ಬರಲಾಗದೆ ಅಲ್ಲೇ ಸಿಕ್ಕಿಕೊಂಡಿದ್ದ. ನನಗೋ ಅವನು ಬರೀ "ಗಾಡಿ ಕಾಕಾ". ಹೆಸರು ಗೊತ್ತಿಲ್ಲ. ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದರು. "ಕ್ವಿಕ್, ಕ್ವಿಕ್!"

ನಾನು ನನ್ನ ಅಪ್ಪನ ಹೆಸರು ಹೇಳಿಬಿಟ್ಟೆ. ಪಾಯಪ್ಪ. ಸಾಹೇಬರು ಬರೆದುಕೊಂಡರು. ಗಂಗವ್ವನಿಗೆ ಸಹಿ ಬಾರದು, ನಾನೇ ಮಾಡಿದೆ. ನನ್ನ ಹೆಸರಿನ ಮುಂದೂ ಅದೇ ಪಾಯಪ್ಪ ಕಂಡು, ಸಂಬಂಧದ ಜಾಗದಲ್ಲಿ "ಅಕ್ಕ" ಎಂದು ಅವರೇ ತುಂಬಿದರು. ನಾನು ತಿದ್ದಲಿಲ್ಲ.

ಸಂಜೆ ಮಗು ಬಂತು. ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದರು. ಬಿಚ್ಚಬಾರದೆಂದು ಹುಕುಂ. ಗಂಗವ್ವನ ಜನ ಕುಣಿಯಲ್ಲಿ ಕೂರಿಸಿ ಹೂಳುವವರು. ಹೊರಲು ಗಂಡಸರಿರಲಿಲ್ಲ. ಅವಳೇ ಕುಣಿಗೆ ಇಳಿದು ಎರಡೂ ಕೈ ಚಾಚಿದಳು. ಮಗುವನ್ನು ಎತ್ತಿಕೊಂಡವಳು ಹಾಗೇ ನಿಂತಳು.

"ಅಕ್ಕಾರ, ಹಗುರಾಗ್ಯಾಳಲ್ರಿ."

"ಜ್ವರಾ ತಿಂದೈತಿ, ಗಂಗವ್ವಾ," ಎಂದೆ.

ಅದೂ ನನ್ನ ಮಾತೇ.

ಈಗ ಮ್ಯೂಸಿಯಂಗೆ ಬನ್ನಿ. ಕ್ಯುರೇಟರ್ ನಮ್ಮವರೇ, ಬಿಳಿಯರಲ್ಲ. ಅದು ನನ್ನ ಸಿಟ್ಟನ್ನು ಕಡಿಮೆ ಮಾಡಲಿಲ್ಲ. ಇಂಗ್ಲಿಷಿನಲ್ಲೇ ಮಾತಾಡಿದರು. ನಾನೂ ಇಂಗ್ಲಿಷಿನಲ್ಲೇ ಜಾಡಿಯನ್ನು ಹಿಂದಕ್ಕೆ ಕೇಳಿದೆ. (ಅವರಿಗಿಂತ ಚೆನ್ನಾಗಿ. ಕಾನ್ವೆಂಟಿನ ಸನ್ಯಾಸಿನಿಯರ ಬೆತ್ತಕ್ಕೆ ನಮಸ್ಕಾರ.)

"ಮೇಡಂ, ಎಷ್ಟು ವರ್ಷದ ಹುಡುಗರು ಇದನ್ನು ನೋಡಿ ಕಲಿತಿದ್ದಾರೆ! ಸೆಂಟಿಮೆಂಟ್ ಸರಿ. ಆದರೆ ಸೈನ್ಸ್?"

ಸೈನ್ಸ್! ನನಗೆ ಸೈನ್ಸ್ ಹೇಳಲು ಬಂದರು. ಪ್ಲೇಗಿನ ಸೂಜಿ ಎಂದರೆ ಜನ ಹೊಲ ಹಿಡಿದು ಓಡುತ್ತಿದ್ದಾಗ ತೋಳು ಚಾಚಿ ಚುಚ್ಚಿಸಿಕೊಂಡವಳು ನಾನು. ಚುಚ್ಚಿಸಿಕೊಳ್ಳದ ನನ್ನ ನಡುವಿನ ಅಣ್ಣ ಉಳಿಯಲಿಲ್ಲ. ರೋಗವನ್ನು ಅರಿಯಲು ಸತ್ತವರ ದೇಹ ಬೇಕು ಎಂಬುದು ನನಗೆ ತಿಳಿಯದೇ? ತಿಳಿಯುತ್ತದೆ. ಬೇಕಾದದ್ದನ್ನು ಕೇಳಿ ಪಡೆಯಬೇಕು ಎಂಬುದು ನಿಮಗೇಕೆ ತಿಳಿಯುವುದಿಲ್ಲ?

ಅವರನ್ನು ಒಂದೇ ಪ್ರಶ್ನೆ ಕೇಳಿದೆ. ಆ ಕಾಲದಲ್ಲಿ ಬಿಳಿಯರ ಮಕ್ಕಳೂ ರೋಗದಿಂದ ಸತ್ತವು. ಅವರ ಸ್ಪ್ಲೀನ್ ಯಾವ ಕಪಾಟಿನಲ್ಲಿದೆ, ತೋರಿಸಿ.

ಕ್ಯುರೇಟರ್ ಟೈ ಸರಿಮಾಡಿಕೊಂಡರು. ಎಲ್ಲಿವೆ ಎಂದು ನಾನೇ ಹೇಳಿದೆ. ಬೆಳಗಾವಿಯ ಬಿಳಿಯರ ಸೆಮೆಟರಿಯಲ್ಲಿ, ಹೆಸರು ಕೆತ್ತಿದ ಕಲ್ಲಿನ ಕೆಳಗೆ, ಇಡಿಯಾಗಿ ಮಲಗಿವೆ. ಭಾನುವಾರ ನಾವು ಕಾನ್ವೆಂಟಿನ ಹುಡುಗಿಯರು ಸಾಲಾಗಿ ಹೋಗಿ ಹೂವಿಟ್ಟು ಬರುತ್ತಿದ್ದೆವು. ಆ ಕಲ್ಲುಗಳ ಮೇಲಿನ ಹೆಸರುಗಳು ನನಗೆ ಇಂದಿಗೂ ಬಾಯಿಪಾಠ. ಬಾಳವ್ವನಿಗೆ ಮಾತ್ರ ಗೋಕಾಕ ಕರದಂಟು ಎಂದು ಹೆಸರು.

"ಕೇಳುವ ಹಕ್ಕು ರಕ್ತಸಂಬಂಧಿಗಳಿಗೆ ಮಾತ್ರ," ಎಂದು ಅವರು ಹಳೆಯ ರಿಜಿಸ್ಟರ್ ತೆಗೆದರು. ಆ ಫಾರಂ ಅದರೊಳಗೆ ಅಂಟಿಸಿದ್ದರು. ತಂದೆ ಪಾಯಪ್ಪ. ಸಹಿ, ಅಕ್ಕ. ಕೆಳಗೆ ನನ್ನದೇ ಹದಿನಾರರ ಅಕ್ಷರ, ಎಲ್ಲ ಬಲಕ್ಕೆ ಬಾಗಿ, ಎಷ್ಟು ಮುದ್ದಾಗಿದೆ! ಪಕ್ಕದಲ್ಲಿ ಇನ್ನೊಂದು ಸಾಲು: ಲಿವರ್ ಮತ್ತು ಶ್ವಾಸಕೋಶಗಳನ್ನು ಹಡಗಿನಲ್ಲಿ ವಿಲಾಯತಿಗೆ ಕಳಿಸಿದೆ.

ಹಗುರಾಗದೆ ಏನಾದಾಳು?

"ನೀವೇ ಕನ್ಸೆಂಟ್ ಕೊಟ್ಟಿದ್ದೀರಲ್ಲ ಮೇಡಂ," ಎಂದರು ಕ್ಯುರೇಟರ್, ಗೆದ್ದವರ ಹಾಗೆ.

"ಗಟ್ಟಿಯಾಗಿ ಓದಿ," ಎಂದೆ. ಓದಿದರು. ಹೂಳಲು ಹಿಂದಕ್ಕೆ ಕೊಡಲಾಗುವುದು. ಇಟ್ಟುಕೊಳ್ಳಲಾಗುವುದು ಎಂದು ಎಲ್ಲಿದೆ? ಹಂಚಲಾಗುವುದು ಎಂದು ಎಲ್ಲಿದೆ? ನಾನು ಅಲ್ಲೇ ಕೂತು ಅರ್ಜಿ ಬರೆದೆ.

ಕಳೆದ ಗುರುವಾರ ಅವರ ಕಮಿಟಿಯ ಕಾಗದ ಬಂತು. ಬಹಳ ಸಭ್ಯ ಕಾಗದ. ಅರ್ಜಿದಾರರು ತಾವು ಮೃತಳ ಅಕ್ಕ ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ ಸ್ಪೆಸಿಮೆನ್ ಹಿಂದಿರುಗಿಸಲು ಅಡ್ಡಿಯಿಲ್ಲವಂತೆ.

ಎಷ್ಟು ಸುಲಭ! ಒಂದು ಸಹಿ. ಅಂದು ಮಾಡಿದ ತಪ್ಪೇ ಇಂದು ಕೀಲಿಕೈ. ಸುಳ್ಳು ಹೇಳಬಾರದೆಂದು ನನಗೆ ಮನೆಯಲ್ಲಿ ಕಲಿಸಿದ್ದಾರೆ, ಕಾನ್ವೆಂಟಿನಲ್ಲೂ ಕಲಿಸಿದ್ದಾರೆ. ಆದರೂ ಬರೆದುಕೊಡಲು ಸಿದ್ಧಳಾಗಿದ್ದೆ.

ಅದಕ್ಕೆ ಮೊದಲು ಘಟಪ್ರಭಾದಲ್ಲಿ ರೈಲಿಳಿದು ಮೂಡಲಗಿಗೆ ಹೋದೆ. ಗಂಗವ್ವ ಈಗ ಅಲ್ಲಿ ಕಿರಿಮಗಳು ಶಾಂತವ್ವನ ಮನೆಯಲ್ಲಿದ್ದಾಳೆ. ಗಂಡ ತೀರಿ ಕೆಲವು ವರ್ಷಗಳಾದವು. ಎಪ್ಪತ್ತರ ಹತ್ತಿರ ಬಂದರೂ ಕೈ ಸುಮ್ಮನಿರುವುದಿಲ್ಲ. ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಜಾಡಿ, ರಿಜಿಸ್ಟರು, ಹಡಗು. ಕರದಂಟಿನ ಮಾತೊಂದನ್ನು ನುಂಗಿಕೊಂಡೆ.

ಅವಳು ಅಳಲಿಲ್ಲ. ತನ್ನ ಎರಡೂ ಅಂಗೈ ನೋಡಿಕೊಂಡಳು.

"ಇಷ್ಟ್ ವರ್ಷ ನನ್ನ ಕೈಯಾಗ ಏನೋ ದೋಷಾ ಐತಿ ಅಂದ್ಕೊಂಡಿದ್ದೆ ನೋಡ್ರಿ. ಹೆತ್ತ ಕೂಸಿನ ತೂಕಾ ಮರತ ಕೈ ಎಂಥಾ ಕೈ ಅಂತ."

"ತಪ್ಪ್ ನಂದು, ಗಂಗವ್ವಾ."

"ನಿಮ್ದೂ ಐತ್ರಿ," ಎಂದಳು. ಮೃದುವಾಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಕೇಳಿದ್ರ ಕೊಡ್ತಿದ್ದ್ಯಾ?" ಎಂದೆ.

"ಕೊಡ್ತಿದ್ದ್ನೋ, ಬೈದು ಕಳಸ್ತಿದ್ದ್ನೋ. ಯಾಂವ ಕೇಳಿದಾ?"

ಕಮಿಟಿಯ ಕಾಗದ ತೋರಿಸಿದೆ. ನಾನು ಅಕ್ಕ ಎಂದು ಬರೆದುಕೊಟ್ಟರೆ ಸಾಕು, ಬಾಳವ್ವನನ್ನು ತಂದು ನಿನ್ನ ಕೈಗೆ ಕೊಡುತ್ತೇನೆ ಎಂದೆ. ಗಂಗವ್ವ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನೀವು ಅಕ್ಕ ಆದ್ರಿ. ಮತ್ತ ನಾ ಯಾರ್ರಿ?"

ನಾನು ಕಾಗದವನ್ನು ಮಡಚತೊಡಗಿದೆ.

"ಯವ್ವಾ, ಕೊಡ್ತೇನಿ ಅನ್ನಾಕತ್ತಾರ, ಹೂಂ ಅನ್ನು," ಎಂದಳು ಶಾಂತವ್ವ. "ನೀ ಹೋಗಿ ನಿಂತ್ರ ಅವ್ರು ಅಪ್ಪನ ಹೆಸರ ಕೇಳ್ತಾರ. ಹೇಳ್ತೀಯೇನು?"

"ಬಸಲಿಂಗಪ್ಪ," ಎಂದಳು ಗಂಗವ್ವ.

ಶಾಂತವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಾಯಿಯ ಬಾಯಲ್ಲಿ ಆ ಹೆಸರನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಯವ್ವಾ!"

"ಬಸಲಿಂಗಪ್ಪ. ಅವತ್ತ ಅನಬೇಕಾಗಿತ್ತು, ನಾಚಕೊಂಡ್ ಕುಂತೆ. ಬಸಲಿಂಗಪ್ಪನ ಮಗಳು ಬಾಳವ್ವ. ಹಿಂಗಂದ್ರ ಸಾಕೇನ್ರಿ ಅಕ್ಕಾರ? ಇಂಗ್ಲೀಷಿನ್ಯಾಗ ಅನಬೇಕೇನು?"

ಬೇಡ ಎಂದೆ. ಅಂದು ಇಂಗ್ಲಿಷ್ ಮಾಡಿದ್ದು ಸಾಕು.

ಹಾಗಾಗಿ ಪ್ರಮಾಣಪತ್ರ ಬರೆಯುತ್ತಿಲ್ಲ. ನಾನು ಬಾಳವ್ವನ ಅಕ್ಕ ಅಲ್ಲ ಎಂದು ಇಲ್ಲಿ, ನಿಮ್ಮೆಲ್ಲರ ಎದುರು, ಬರೆಯುತ್ತಿದ್ದೇನೆ. ಇದರಿಂದ ಜಾಡಿ ಕಪಾಟಿನಲ್ಲೇ ಉಳಿಯಬಹುದು. ತಾಯಿ ಎಂಬುದಕ್ಕೆ ಗಂಗವ್ವನ ಹತ್ತಿರ ಒಂದು ಚೂರು ಕಾಗದವೂ ಇಲ್ಲ. ಅವಳಿಗೂ ಅದು ಗೊತ್ತು. ಆದರೂ ಬರುವ ಸೋಮವಾರ ನಾವಿಬ್ಬರೂ ರೈಲು ಹತ್ತುತ್ತೇವೆ. ಬಾಳವ್ವನನ್ನು ಸುತ್ತಲು ಹಸಿರು ಇಳಕಲ್ ಸೀರೆಯ ಒಂದು ಸೆರಗನ್ನು ಅವಳು ಆಗಲೇ ಹರಿದಿಟ್ಟಿದ್ದಾಳೆ. ಕಮಿಟಿಯವರಿಗೂ ಈ ಪತ್ರಿಕೆಯ ಒಂದು ಪ್ರತಿ ಕಳಿಸುತ್ತಿದ್ದೇನೆ. ಕನ್ನಡ ಬಾರದಿದ್ದರೆ ಸುಮತಿ ಓದಿ ಹೇಳುತ್ತಾಳೆ.

ಸೋಮವಾರ ಗಂಗವ್ವ ನಿಮ್ಮ ಮೇಜಿನೆದುರು ನಿಂತು ಗಂಡನ ಹೆಸರು ಹೇಳುತ್ತಾಳೆ, ಕಮಿಟಿಯ ಮಹನೀಯರೇ: ನಿಮಗೆ ತಾಯಿ ಬೇಕೋ, ನನ್ನ ಸುಳ್ಳು ಸಹಿಯೇ ಸಾಕೋ?