ಗೌರಾಬಾಯಿಯ ಪಾಸ್‌ವರ್ಡ್

ಅಮೆರಿಕದ ಫೇರ್‌ಫ್ಯಾಕ್ಸ್ ಸುತ್ತಮುತ್ತಲ ಕನ್ನಡದವರ ಮನೆಯಲ್ಲಿ ಮಗು ಹುಟ್ಟಲಿ, ಊರಲ್ಲಿ ಯಾರದೋ ತಾಯಿ ತೀರಿಕೊಳ್ಳಲಿ, ಸುದ್ದಿ ಮೊದಲು ಮುಟ್ಟುತ್ತಿದ್ದುದು ಗೌರಾಬಾಯಿಗೆ. ನಮ್ಮ ಸಂಘದ ವೆಬ್‌ಸೈಟಿನಲ್ಲಿ ಅದನ್ನು ಹಾಕುವ ಕೆಲಸ ಅವರದು. ಯಾರೂ ವಹಿಸಿದ್ದಲ್ಲ, ಮಿಕ್ಕವರೆಲ್ಲ ಜಾರಿಕೊಂಡಿದ್ದರಿಂದ ಅವರ ಪಾಲಿಗೆ ಬಂದದ್ದು. ಹಗಲು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನಿಸ್ಟ್. ಸಂಜೆ ಲಾಗಿನ್ ಆಗಿ ನಮ್ಮೆಲ್ಲರ ಸುಖದುಃಖ ಟೈಪ್ ಮಾಡುತ್ತಿದ್ದರು. ಬಾಗಲಕೋಟೆ ಕಡೆಯವರು, ಮಾತು ಕಡಿಮೆ.

ಅವರಿಗೆ ನಮ್ರತಾ ಎಂಬ ಮಗಳಿದ್ದಳು. ಎರಡನೇ ಕ್ಲಾಸಿನಲ್ಲಿದ್ದಾಗ ರಕ್ತದ ಕ್ಯಾನ್ಸರಿನಿಂದ ಹೋದಳು. ಗಂಡ ಗುರುಶಾಂತಪ್ಪ ಅವಳ ಫೋಟೊಗಳನ್ನೆಲ್ಲ ಬೇಸ್‌ಮೆಂಟಿಗೆ ಇಳಿಸಿದರು. ಆ ಹೆಸರು ಕಿವಿಗೆ ಬಿದ್ದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಹಾಗಾಗಿ ಗೌರಾಬಾಯಿ ಮಗಳ ಹೆಸರೆತ್ತುವುದನ್ನೇ ಬಿಟ್ಟರು. ನಾವೂ ಬಿಟ್ಟೆವು. ಅದೇ ನಾವು ಮಾಡುವ ದೊಡ್ಡ ಉಪಕಾರ ಎಂದುಕೊಂಡಿದ್ದೆವು, ನಮ್ಮ ಬುದ್ಧಿಗಿಷ್ಟು!

2011ರಲ್ಲಿ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವನು ಮೈಸೂರಿನ ಖಾದರ್. ಪಕ್ಕದ ರೆಸ್ಟನ್‌ನಲ್ಲಿ ನೆಟ್‌ವರ್ಕ್ ಕೆಲಸ. ಲಾಗಿನ್ ಪುಟಕ್ಕೆ ಬೀಗ, ಅಂದರೆ ಎನ್‌ಕ್ರಿಪ್ಷನ್, ಹಾಕಿಸೋಣ ಎಂದು ಅವನು ಪ್ರತಿ ಮೀಟಿಂಗಿನಲ್ಲೂ ಗೋಗರೆಯುತ್ತಿದ್ದ.

"ನಾವು ಟೈಪ್ ಮಾಡೋ ಪಾಸ್‌ವರ್ಡ್ ದಾರಿಯುದ್ದಕ್ಕೂ ಬರಿ ಮೈಯಲ್ಲಿ ಹೋಗ್ತಿದೆ ಅಂಕಲ್. ಒಂದೇ ವೈಫೈಲಿ ಇರೋರು ಯಾರು ಬೇಕಾದ್ರೂ ಓದಬಹುದು."

ಅಧ್ಯಕ್ಷ ಶೇಷಾದ್ರಿ ನಗುತ್ತಿದ್ದರು. "ಪಿಕ್ನಿಕ್ ಫೋಟೋ ಕದ್ದು ಏನ್ ಮಾಡ್ತಾರಪ್ಪಾ? ನೆಕ್ಸ್ಟ್ ಟೈಮ್ ನೋಡೋಣ."

ನಮ್ಮ ಸಂಘದಲ್ಲಿ ನೆಕ್ಸ್ಟ್ ಟೈಮ್ ಅಂದರೆ ಕತೆ ಮುಗಿಯಿತು ಅಂತಲೇ ಅರ್ಥ.

ಕಣ್ಣಾರೆ ತೋರಿಸದೆ ಇವರು ಬಗ್ಗುವುದಿಲ್ಲ ಎಂದು ಖಾದರ್ ತೀರ್ಮಾನಿಸಿದ. ಒಂದು ಭಾನುವಾರ ಮಧ್ಯಾಹ್ನ ಶೇಷಾದ್ರಿಯವರ ಮನೆಯಲ್ಲೇ ಮೀಟಿಂಗ್. ಊಟ ಮುಗಿದ ಮೇಲೆ ಅವನು ತನ್ನ ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಸೇರಿಸಿದ. ಸುಳ್ಳು ಹೆಸರು, ಸುಳ್ಳು ಪಾಸ್‌ವರ್ಡ್ ತಯಾರು ಮಾಡಿಕೊಂಡು ಬಂದಿದ್ದ. ಫೋನಿನಿಂದ ಅದನ್ನು ಕಳಿಸಿ, ಲ್ಯಾಪ್‌ಟಾಪಿನಲ್ಲಿ ಹಿಡಿದು ಟಿವಿಯಲ್ಲಿ ತೋರಿಸುವ ಲೆಕ್ಕಾಚಾರ. ಬೇರೆ ಯಾರೂ ಲಾಗಿನ್ ಆಗಬೇಡಿ ಎಂದು ಕೂಗಿ ಹೇಳಿದ್ದ. ಗೌರಾಬಾಯಿ ಆಗ ಒಳಗಿನ ಕೋಣೆಯಲ್ಲಿದ್ದರು, ಅವರಿಗೆ ಕೇಳಿಸಿರಲಿಲ್ಲ. ನಮ್ಮ ಸಂಘದ ಮುರಳೀಧರನ ತಂದೆ ತೀರಿಕೊಂಡ ಸುದ್ದಿ ಆಗಷ್ಟೇ ಬಂದಿತ್ತು. ಸಾವಿನ ಸುದ್ದಿಯನ್ನು ತಡಮಾಡುವ ಹೆಂಗಸಲ್ಲ ಆಕೆ, ಅದೇ ಮನೆಯ ವೈಫೈಯಲ್ಲಿ ಲಾಗಿನ್ ಆದರು.

ಟಿವಿಯಲ್ಲಿ ಮೊದಲು ಮೂಡಿದ್ದು ಖಾದರನ ಸುಳ್ಳು ಹೆಸರಲ್ಲ. ಗೌರಾಬಾಯಿಯ ಹೆಸರು. ಅದರ ಪಕ್ಕದಲ್ಲಿ ಪಾಸ್‌ವರ್ಡ್: ನಮ್ರತಾ, ಮತ್ತು ಅವಳು ಹುಟ್ಟಿದ ವರ್ಷ.

ಖಾದರ್ ತಡಬಡಿಸಿ ವೈರ್ ಕಿತ್ತ. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಗುರುಶಾಂತಪ್ಪನವರೂ ಓದಿದ್ದರು. ಏನಾಯಿತೆಂದು ಬಾಗಿಲಿಗೆ ಬಂದ ಗೌರಾಬಾಯಿಗೆ ಖಾದರ್ ಎಲ್ಲ ಹೇಳಿದ, ಮುಖ ಎತ್ತಲಾಗದೆ.

"ಸಾರಿ ಅಕ್ಕಾ. ನಿಮ್ದು ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಹಾಕಿಸಪ್ಪಾ ಆ ಬೀಗಾನ, ಇವತ್ತೇ ಹಾಕಿಸು" ಎಂದರು ಶೇಷಾದ್ರಿ. ಈಗ ಜ್ಞಾನೋದಯ!

ಗೌರಾಬಾಯಿ ಕೇಳಿದ್ದು ಒಂದೇ. "ಬೀಗ ಹಾಕಿಸಿದ ಮ್ಯಾಲೆ ಇದನ್ನ ಇಟ್ಕೋಬಹುದೇನ್ರಿ? ಬದಲಿ ಮಾಡಬೇಕಾ?"

ಇಟ್ಟುಕೊಳ್ಳಿ ಎಂದು ಹೇಳಬಾರದೇ ಎಂದು ನನ್ನ ಜೀವ ಒದ್ದಾಡಿತು. ಆದರೆ ಖಾದರ್ ಸುಳ್ಳು ಹೇಳುವವನಲ್ಲ.

"ಚೇಂಜ್ ಮಾಡ್ಲೇಬೇಕು ಅಕ್ಕಾ. ಎಲ್ರೂ ನೋಡಿಬಿಟ್ಟಿದ್ದಾರೆ."

"ದಿನಾ ಅಕಿ ಹೆಸರು ಬರೀಲಿಕ್ಕೆ ನನಗ ಇದ್ದದ್ದು ಅದೊಂದೇ ಜಾಗಾ" ಎಂದರು ಗೌರಾಬಾಯಿ. ಅಳಲಿಲ್ಲ. ನಾವು ಅತ್ತೆವು.

ಗುರುಶಾಂತಪ್ಪ ಎದ್ದು ನಿಂತರು. ಹೊರಟೇಬಿಟ್ಟರು ಎಂದುಕೊಂಡೆವು. ಗೌರಾಬಾಯಿ ಗಂಡನ ಮುಖವನ್ನೇ ನೋಡುತ್ತ ಹೇಳಿದರು, "ಇನ್ಮ್ಯಾಲೆ ಬಾಯಿಲೇ ಕರೀತೀನ್ರಿ." ಆಮೇಲೆ ಕರೆದರು. "ನಮ್ರತಾ."

ಗುರುಶಾಂತಪ್ಪ ಹೋಗಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ಹೆಂಡತಿಯ ಕಡೆ ತಿರುಗಿದರು.

"ಇನ್ನೊಮ್ಮೆ ಕರಿ" ಎಂದರು.